ಕಿಟಕಿ ಪಕ್ಕದ ಮಷಿನ್ನಿನ ಬಿಸಿ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾನೂ ನನ್ನ ತಮ್ಮನೂ ಸೇರಿ ಕಂಪ್ಯೂಟರ್ ಗೇಮ್ ಸೆಂಟರ್ ನಡೆಸುತ್ತಿದ್ದೆವು. ಮೈನಿಂಗ್ ಜೋರಾಗಿದ್ದ ಕಾಲ. ಬೇವಿನ ಎಲೆ, ಗೋಡೆ, ಒಣಹಾಕಿದ ಲುಂಗಿ ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೊದಲು ಲಾರಿ ಕ್ಲೀನರ್ ಆದೆ, ಆಮೇಲೆ ರೇಡಿಯೇಟರ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿದೆ. ಹಾಗೆ ದುಡಿದು ಕೂಡಿಟ್ಟಿದ್ದರಲ್ಲೇ ಈ ಸೆಂಟರ್ ತೆರೆದದ್ದು. ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಬೆಳಿಗ್ಗೆ ಷಟರ್ ಎತ್ತುವಾಗ ದಿನವೂ ನನಗೆ ಅದು ನೆನಪಾಗುತ್ತಿತ್ತು.

ಕಿಟಕಿ ಪಕ್ಕದ ಮಷಿನ್ನು ನಮ್ಮ ಅಂಗಡಿಯ ಎತ್ತು. ದೊಡ್ಡ ಆಟಗಳ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಇದ್ದದ್ದು ಅದೊಂದರಲ್ಲೇ. ಹುಡುಗರು ಅದಕ್ಕಾಗಿ ಪಾಳಿ ಹಚ್ಚುತ್ತಿದ್ದರು. ಆ ಬೇಸಿಗೆಯಲ್ಲಿ ಅದು ಕೈಕೊಡಲು ಶುರುಮಾಡಿತು. ಆಟ ರಂಗೇರಿದಾಗ ಪರದೆಯ ಮೇಲೆ ಹಸಿರು ಗೆರೆ ಏಳುತ್ತಿದ್ದವು, ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು, ಆಮೇಲೆ ಮಷಿನ್ನೇ ಬಂದ್. ನನ್ನ ಹಳೆಯ ಕಸುಬು ಗೊತ್ತಿದ್ದ ಹುಡುಗರಿಗೆ ಅದೇ ಚೇಷ್ಟೆ.

"ಅಣ್ಣಾ, ನಿನ್ನ ಗಾಡಿ ಮತ್ತ ಕಾದೈತಿ ನೋಡು. ಒಂದು ಕೊಡ ನೀರು ಹಾಕು!"

ತಮ್ಮನಿಗೆ ನಗು ಬರಲಿಲ್ಲ. "ಅಣ್ಣಾ, ಇವು ಮುದುಕ ಆಗ್ಯಾವು. ಎಲ್ಲಾ ತೆಗೆದು ಹೊಸಾವು ಹಾಕೂಣು" ಎಂದ.

"ರೊಕ್ಕ ಯಾರು ಹಾಕ್ತಾರ?"

"ಅವ ಹಾಕ್ತೀನಿ ಅಂದಾನ."

ಅವನೆಂದರೆ ತಮ್ಮನ ಜೊತೆ ಓದಿದ ಗೆಳೆಯ. ಅವರ ಮನೆಯಲ್ಲಿ ಒಂದೇ ಒಂದು ಟಿಪ್ಪರ್ ಇದ್ದದ್ದನ್ನು ನಾನು ಕಂಡಿದ್ದೆ. ಈಗ ಅವರ ಟಿಪ್ಪರುಗಳು ರಸ್ತೆಯ ಉದ್ದಕ್ಕೂ ನಿಲ್ಲುತ್ತಿದ್ದವು. ಹೊಸ ಮಷಿನ್ನು ಕೊಡಿಸುತ್ತಾನಂತೆ, ಬದಲಿಗೆ ಅಂಗಡಿಯಲ್ಲಿ ಅರ್ಧ ಪಾಲು ಬೇಕಂತೆ.

"ಅಂವ ಗಾದಿ ಮ್ಯಾಲ ಕುಂದರ್ತಾನ, ನಾ ಕುರ್ಚಿ ಒರಸ್ಕೊಂತ ಇರಬೇಕನು?" ಎಂದೆ.

"ಬ್ಯಾಡಂದ್ರ ಬಿಡು. ನಾ ಅವನ ಟಿಪ್ಪರ್ ಹತ್ತತೀನಿ. ಡ್ರೈವರ್ ಸಿಗವಲ್ರು ಅಂತ ದಿನಾ ಕರೀತಾನ."

ಅದಿರಿನ ಗಾಡಿ ಓಡಿಸುವವರ ಪಕ್ಕದಲ್ಲಿ ಕೂತು ಬೆಳೆದವನು ನಾನು. ಟ್ರಿಪ್ಪು ಹೆಚ್ಚಿಸಬೇಕೆಂದು ನಿದ್ದೆಗೆಟ್ಟು, ಕಣ್ಣು ತೆರೆದುಕೊಂಡೇ ನಿದ್ದೆ ಹೋಗುವವರನ್ನು ಹತ್ತಿರದಿಂದ ನೋಡಿದ್ದೇನೆ. ಒಮ್ಮೆ ಸ್ಟೇರಿಂಗನ್ನು ನಾನೇ ಎಳೆದು ಬದುಕಿದ್ದೂ ಇದೆ. ಇವನನ್ನು ಆ ಸೀಟಿನಿಂದ ದೂರ ಇಡಲೆಂದೇ ನಾನು ಅಂಗಡಿ ತೆರೆದದ್ದು.

"ಮಷಿನ್ನು ಮುದುಕ ಆಗಿಲ್ಲ, ಜಡ್ಡಾಗೈತಿ. ನಾ ರಿಪೇರಿ ಮಾಡ್ತೀನಿ" ಎಂದೆ.

"ಬರೋ ಐತವಾರ ಹುಡುಗರ ಪಂದ್ಯ ಐತಿ. ಅವತ್ತು ಒಂದು ಸಲನೂ ಬಂದ್ ಆಗದಂಗ ಓಡಿದ್ರ, ನಾ ಎಲ್ಲಿಗೂ ಹೋಗಂಗಿಲ್ಲ. ಆದ್ರ ಒಂದು ಸಲ ಬಂದ್ ಆತೋ..."

"ಆತು ಬಿಡು."

ಕಾರ್ಡು ಬಿಚ್ಚಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ, ಟೈರಿಗೆ ಹೊಡೆಯುವ ಗಾಳಿ ಹೊಡೆಸಿದೆ. ಕೆಂಪು ಮೋಡ ಎದ್ದಿತು. ಎರಡು ದಿನ ಚೆನ್ನಾಗಿ ಓಡಿ ಮತ್ತೆ ಅದೇ ರಾಗ. ಮತ್ತೆ ಬಿಚ್ಚಿದಾಗ, ಮೇಲಿನ ಧೂಳು ಹಾರಿದ್ದರೂ ಕಾರ್ಡಿನ ಬೆನ್ನಿನ ಲೋಹದ ಹಲ್ಲುಗಳ ನಡುವೆ ಹಲ್ವಾದಂತೆ ಏನೋ ಅಂಟಿರುವುದು ಕಂಡಿತು. ಉಗುರಲ್ಲಿ ಕೆರೆದು ಮೂಸಿದೆ. ಲೋಬಾನ!

ಗುರುವಾರ ಗುರುವಾರ ಲೋಬಾನದ ತಾತ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ ತಟ್ಟೆ ಹಿಡಿದು ಅಂಗಡಿ ಅಂಗಡಿಗೂ ಬರುತ್ತಿದ್ದ. ನವಿಲುಗರಿಯಿಂದ ಹೊಗೆ ಬೀಸಿ ದುವಾ ಮಾಡಿ ಹೋಗುತ್ತಿದ್ದ. ಅಂಗಡಿ ತೆರೆದ ದಿನವೇ ಅವ್ವ ಹೇಳಿದ್ದಳು, ತಾತನನ್ನು ಬಾಗಿಲಿಂದ ಹಾಗೇ ಕಳಿಸಬೇಡ ಎಂದು. ಕಿಟಕಿ ಮಷಿನ್ನಿಗೆ ಕಾಯಿಲೆ ಬಂದ ಮೇಲಂತೂ ನಾನೇ ಅದರ ಬೆನ್ನು ಬಾಗಿಲ ಕಡೆ ತಿರುಗಿಸಿ, "ತಾತ, ಇದಕ್ಕ ಇನ್ನೊಂದೀಟು ಹಾಕು, ಇದು ನಮ್ಮ ಅನ್ನ" ಎನ್ನುತ್ತಿದ್ದೆ. ಫ್ಯಾನು ಆ ಹೊಗೆಯನ್ನು ಭಕ್ತಿಯಿಂದ ಒಳಗೆಳೆದುಕೊಳ್ಳುತ್ತಿತ್ತು. ಹೊಗೆಯ ಅಂಟಿಗೆ ಅದಿರಿನ ಧೂಳು ಕೂಡಿ ಗಾರೆಯಾಗಿತ್ತು. ಫ್ಯಾನೂ ಸವೆದು ಗರಗರ ಎನ್ನುತ್ತಿತ್ತು.

ಸಿರುಗುಪ್ಪದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನನ್ನ ಪರಿಚಯದವನೊಬ್ಬ ತನ್ನ ಹಳೆ ಕಂಪ್ಯೂಟರನ್ನು ಮೂಲೆಗೆ ಹಾಕಿದ್ದ. ಮೋಕಾ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ. ಅದರೊಳಗೆ ಅಂಥದೇ ಕಾರ್ಡು, ಸುಟ್ಟಿದ್ದು. ಆದರೆ ಫ್ಯಾನು ಗಟ್ಟಿಯಾಗಿತ್ತು. "ತಗೊಂಡು ಹೋಗಣ್ಣ, ಇಲ್ಲಿದ್ರ ಇಲಿಗೆ ಮನಿ" ಎಂದು ಅವನು ಬಿಚ್ಚಿಕೊಟ್ಟ.

ಬರುವಾಗ ಸುತ್ತು ಹಾಕಿ ಕುರುಗೋಡಿಗೆ ಹೋದೆ. ಅವ್ವ ಅಲ್ಲಿ ಅಕ್ಕನ ಮನೆಯಲ್ಲಿದ್ದಳು. ಲೋಬಾನ ನಿಲ್ಲಿಸುವ ಮೊದಲು ಅವಳನ್ನು ಕೇಳದಿದ್ದರೆ ನನಗೆ ಸಮಾಧಾನವಿರಲಿಲ್ಲ. ಎಲ್ಲ ಕೇಳಿ ಅವ್ವ ಹಣೆ ಬಡಿದುಕೊಂಡಳು.

"ಹೊಗಿ ಹೊಸ್ತಿಲಿಗೆ ಬಂದ್ರ ಸಾಲದೇನಲೇ? ನೀ ಅದರ ಮೂಗಿನಾಗ ತುರುಕಿದ್ರ ಅದು ಕೆಮ್ಮಲಾರದ ಏನ್ ಮಾಡ್ತೈತಿ?" ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಸಣ್ಣಾವ ಟಿಪ್ಪರ್ ಹತ್ತತಾನಂತ?"

"ಇಲ್ಲಬೇ, ಯಾರಂದ್ರು?"

"ಯಾರರ ಅಂದಿರ್ಲಿ. ಹತ್ತಾಕ ಬಿಡಬ್ಯಾಡ."

ಊರಿಗೆ ಬಂದು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಲೋಹದ ಹಲ್ಲುಗಳನ್ನೆಲ್ಲ ತಿಕ್ಕಿದೆ. ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ, ಒಣಗಿ ಗಾರೆಯಾಗಿದ್ದ ಹಳೆ ಪೇಸ್ಟು ಕೆರೆದು ಹೊಸದು ಹಚ್ಚಿ, ಸಿರುಗುಪ್ಪದ ಫ್ಯಾನು ಕೂರಿಸಿದೆ. ಗುರುವಾರ ತಾತನನ್ನು ಬಾಗಿಲಲ್ಲೇ ನಿಲ್ಲಿಸಿ, ಹೊಗೆಯಿಂದಲೇ ಮಷಿನ್ನು ಕೆಟ್ಟಿತೆಂದು ಹೇಳಲು ತೊದಲಿದೆ. ಅವನು ಕೆಮ್ಮಿ ನಕ್ಕ. "ಬೇಟಾ, ನಿನ್ನ ಮಷಿನ್ನಿಗೂ ನನ್ನ ಜಡ್ಡೇ ಬಂದೈತಿ ಅನ್ನು" ಎಂದು ಹೊಸ್ತಿಲಿಗೆ ಎರಡು ಸಲ ಬೀಸಿ ನಡೆದ.

ಪಂದ್ಯದ ಭಾನುವಾರ ಹುಡುಗರು ಬಾಗಿಲವರೆಗೂ ತುಂಬಿದ್ದರು. ತಮ್ಮ ಇಡೀ ದಿನ ಆ ಮಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಆಗಾಗ ಬಿಸಿ ನೋಡಲು ಡಬ್ಬದ ಮೇಲೆ ಅಂಗೈ ಇಡುವನು, ತೆಗೆಯುವನು. ಅದು ಒಮ್ಮೆಯೂ ನಿಲ್ಲಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅವನು ಹೇಳಿದ್ದು ಇಷ್ಟೇ: "ನೀ ಗೆದ್ದಿ ಬಿಡಣ್ಣ."

ಅವನು ಮಾತಿಗೆ ತಪ್ಪಲಿಲ್ಲ. ದಿನವೂ ಬಂದು ಕಸ ಹೊಡೆದು ಕೂರುತ್ತಿದ್ದ. ದಸರಾ ಹೊತ್ತಿಗೆ ಹುಡುಗರು ಹೊಸ ಆಟದ ಸಿ.ಡಿ. ತಂದರು. ಕಿಟಕಿ ಮಷಿನ್ನಿಗೆ ಹಾಕಿದರೆ ತೆರೆಯಲೇ ಇಲ್ಲ. ಈ ಕಾರ್ಡಿಗೆ ಈ ಆಟ ಆಗದು ಎಂಬ ಬರಹವಷ್ಟೇ ಪರದೆಯ ಮೇಲೆ ಬಂತು. ನಾನು ಡಬ್ಬ ಮುಟ್ಟಿ ನೋಡಿದೆ. ತಣ್ಣಗಿತ್ತು. ಅದಕ್ಕೆ ಯಾವ ಜಡ್ಡೂ ಇರಲಿಲ್ಲ. ಹುಡುಗರು ಸಿ.ಡಿ. ತೆಗೆದುಕೊಂಡು ಇನ್ನೊಂದು ಸೆಂಟರಿಗೆ ನಡೆದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ತಮ್ಮ ಖಾಲಿ ಕುರ್ಚಿಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. ನಾನು ಬೈದರೆ, "ಮಾತು ಕೊಟ್ಟೀನಲ್ಲ, ಇರ್ತೀನಿ" ಎನ್ನುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ, ಟೀ ಕುಡಿದು ಬರುತ್ತೇನೆಂದು ಹೇಳಿ, ಆ ಗೆಳೆಯನ ಟಿಪ್ಪರುಗಳು ನಿಲ್ಲುವ ಯಾರ್ಡಿಗೆ ಹೋದೆ. ಯಾರ ಗೇಟಿನ ಮುಂದೆಯೂ ನಿಂತವನಲ್ಲ ನಾನು. ಅವತ್ತು ನಿಂತೆ. ಅವನು ಮರ್ಯಾದೆಯಿಂದಲೇ ಕುರ್ಚಿ ಹಾಕಿಸಿದ.

"ಪಾಲು ತಗೊಳ್ಳಪ್ಪ. ಮಷಿನ್ನು ಹಾಕು" ಎಂದೆ.

"ಅವಾಗ ಬ್ಯಾಡ ಅಂದ್ರಿ ಅಣ್ಣಾರ. ಈಗ ಇದ್ದದ್ದೆಲ್ಲಾ ಹೊಸ ಗಾಡಿಗೆ ಹಾಕಿಬಿಟ್ಟೀನಿ" ಎಂದು ಅವನು ಕೈ ಮುಗಿದ. "ಗಾಡಿ ಅದಾವು, ಡ್ರೈವರ್ ಇಲ್ಲ. ತಮ್ಮನ್ನ ಕಳಸ್ರಿ. ನನ್ನ ಸ್ವಂತ ತಮ್ಮನಂಗ ನೋಡ್ಕೊಂತೀನಿ."

ಅಂಗಡಿಗೆ ಬಂದಾಗ ನನ್ನ ಚಪ್ಪಲಿಗೆ ಮೆತ್ತಿದ್ದ ಯಾರ್ಡಿನ ಕೆಂಪು ಕೆಸರನ್ನು ತಮ್ಮ ನೋಡಿದ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

"ಏನಂದ?"

"ಮಷಿನ್ನು ಆಗಂಗಿಲ್ಲಂತ. ಡ್ರೈವರ್ ಬೇಕಂತ."

ಅವನು ಕೈಯಲ್ಲಿದ್ದ ಬಟ್ಟೆ ಮಡಿಸಿ ಮೇಜಿನ ಮೇಲಿಟ್ಟ. "ಹಂಗಾರ ನಾ ಹೋಗ್ಲೇನು?"

ನಾನು ಆ ಬಟ್ಟೆ ಎತ್ತಿಕೊಂಡು ಕುರ್ಚಿ ಒರೆಸತೊಡಗಿದೆ.

"ನಿದ್ದಿ ಬಂದ್ರ ಗಾಡಿ ಪಕ್ಕಕ್ಕ ಹಾಕು. ಯಾರು ಬೈದ್ರೂ ಹಾಕು" ಎಂದೆ.