ತಾನೇ ನೀರು ತುಂಬುವ ಯಂತ್ರ

ಬಿಜಾಪುರದ ಜೋಡ ಗುಮ್ಮಟದ ಹಿಂದಿನ ಓಣಿಯಲ್ಲಿ ನಳ ನೆಲದ ಮೇಲಿರುವುದಿಲ್ಲ. ನೀರಿಗೆ ಮೇಲೇರುವ ಕಸುವಿಲ್ಲ. ಹಾಗಾಗಿ ಪ್ರತಿ ಮನೆಯ ಮುಂದೆ ಎದೆಮಟ ಕುಣಿ ತೋಡಿ, ಅದರ ತಳದಲ್ಲಿ ನಳ ಕೂಡಿಸಿರುತ್ತಾರೆ. ನೀರು ಬರುವುದು ಎರಡು ಮೂರು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಎಂದು ಅದು ಯಾರಿಗೂ ಹೇಳಿ ಬರುವುದಿಲ್ಲ. ಬಂದಾಗ ಹೆಂಗಸರು ಕುಣಿಗಿಳಿದು ಕೊಡ ಎತ್ತುತ್ತಾರೆ, ಗಂಡಸರು ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಬಯ್ಯುತ್ತಾರೆ. ಎರಡೂ ಕೆಲಸ ಕೂಡಿಯೇ ಮುಗಿಯುತ್ತವೆ.

ಅಮೋಘಿ ಬಯ್ಯುವವನಲ್ಲ, ವಿಚಾರ ಮಾಡುವವನು. ಅರಕೇರಿಯ ಕುರಿ ಕಾಯುವ ಮನೆತನದಿಂದ ಬಂದು, ಮದುವೆ ಮುಂಜಿವೆಗೆ ಸ್ಪೀಕರ್ ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ವಾಯರಮನ್ ಆಗಿದ್ದ. ಅವನು ಬಿಚ್ಚದ ರೇಡಿಯೋ ಆ ಓಣಿಯಲ್ಲಿರಲಿಲ್ಲ. ತಿರುಗಿ ಜೋಡಿಸುವಾಗ ಒಂದೆರಡು ತಿರುಪು ಉಳಿಯುತ್ತಿದ್ದವು. ರೇಡಿಯೋ ಮಾಡಿದವರೇ ಮೊದಲು ಹೆಚ್ಚಿಗೆ ಹಾಕಿದ್ದರೆಂಬುದು ಅವನ ಅಭಿಪ್ರಾಯ.

ಅವನ ಹೆಂಡತಿ ಸಕ್ರವ್ವನ ತವರು ಬಬಲೇಶ್ವರ. ಬಸ್ಸು ಹತ್ತಿ ಒಂದು ನಿದ್ದೆ ತೂಗುವಷ್ಟರಲ್ಲಿ ಬರುವ ಊರು. ಆದರೂ ಮದುವೆಯಾದ ಮೇಲೆ ಆಕೆ ಅಲ್ಲಿ ಒಂದು ರಾತ್ರಿ ಉಳಿದದ್ದಿಲ್ಲ. ಅತ್ತೆಯ ಕಾಟವಿರಲಿಲ್ಲ, ನಳದ್ದಿತ್ತು. ಈಗ ತಂಗಿ ರಾಚವ್ವನ ಕುಬಸ ಬಂದಿತ್ತು. ಚೊಚ್ಚಲ ಬಸಿರು, ತಾಯಿಯಿಲ್ಲದ ಮನೆ. ಹಸಿರು ಬಳೆ ತೊಡಿಸಿ ಉಡಿ ತುಂಬಲು ಅಕ್ಕನೇ ಹೋಗಬೇಕು.

‘ಎರಡ ದಿನಾ ಹೋಗಿ ಬರ್ತೀನ್ರಿ,’ ಎಂದಳು ಸಕ್ರವ್ವ.

‘ನೀರು?’ ಎಂದ ಅಮೋಘಿ.

ಮಗ್ಗುಲ ಮನೆಯ ಆಶಾಬಿ ಗೋಡೆಯಾಚೆಯಿಂದಲೇ ನಡುವೆ ಬಾಯಿ ಹಾಕಿದಳು. ‘ನಮ್ಮ ಕೊಡದ ಕೂಡ ನಿಮ್ಮವೂ ನಾಕ ತುಂಬಿ ಇಡ್ತೀನೋ ಅಮೋಘಿ. ಕಳಸು ಆಕೀನ.’

ಮಂದಿ ಮನೆಯ ಹೆಂಗಸಿನ ಕೈಲಿ ನೀರು ತುಂಬಿಸುವುದು ಅಮೋಘಿಯ ಮಾನಕ್ಕೆ ಒಗ್ಗಲಿಲ್ಲ. ಅವನೇ ಕುಣಿಗಿಳಿಯುವ ಮಾತನ್ನು ಯಾರೂ ಎತ್ತಲಿಲ್ಲ. ಓಣಿಯಲ್ಲಿ ಅಂಥ ಮಾತಿಗೆ ರೂಢಿಯಿರಲಿಲ್ಲ.

‘ಮಷಿನ್ ಮಾಡ್ತೀನಿ,’ ಎಂದ. ‘ತಾನ ನೀರ ಎತ್ತತೈತಿ, ತಾನ ನಿಂದರತೈತಿ. ಅದು ನಡೀತಂದ್ರ ನೀ ಹೋಗು. ತಿಂಗಳಾ ಇದ್ದ ಬಾ ಬೇಕಾರ.’

ಟಿಕೋಟದ ತೋಟವೊಂದರ ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಪಂಪನ್ನು ಬೇಡಿ ತಂದ. ನಳದ ಕೆಳಗೆ ಒಂದು ಬಾನಿ, ಅದರಲ್ಲೊಂದು ಡಾಲ್ಡಾ ಡಬ್ಬಿ. ನೀರು ಬಂದರೆ ಡಬ್ಬಿ ತೇಲಿ ಸ್ವಿಚ್ಚು ಒತ್ತಬೇಕು, ಪಂಪು ನೀರನ್ನು ಮೇಲಿನ ಪೀಪಾಯಿಗೆ ಎತ್ತಬೇಕು. ಪೀಪಾಯಿ ತುಂಬಿದಾಗ ಅಲ್ಲಿಯ ಇನ್ನೊಂದು ಡಬ್ಬಿ ತೇಲಿ ಎಲ್ಲವನ್ನೂ ನಿಲ್ಲಿಸಬೇಕು. ಒಳಗೋಡೆಯ ಮೇಲೆ, ಹೆಂಡತಿಯ ಕೈ ನಿಲುಕದ ಎತ್ತರದಲ್ಲಿ ಮುಚ್ಚಳವಿರುವ ಬೋರ್ಡು ಹೊಡೆದು, ಯಂತ್ರಕ್ಕೆಂದೇ ಬೇರೆ ಫ್ಯೂಜು ಕೂಡಿಸಿದ.

ಯಂತ್ರ ಎಲ್ಲ ಇತ್ತು, ಓಡುವುದೊಂದಿರಲಿಲ್ಲ. ಮೊದಲು ಡಬ್ಬಿ ಸೋರಿತು. ಆಮೇಲೆ ಪೈಪಿನಲ್ಲಿ ಗಾಳಿ ಸೇರಿತು. ಪ್ರತಿ ಪರೀಕ್ಷೆಗೂ ನೀರು ಬೇಕಲ್ಲ? ಸಕ್ರವ್ವ ಒಳಗೆ ತುಂಬಿಟ್ಟಿದ್ದನ್ನು ಹೊತ್ತು ತಂದು ಬಾನಿಗೆ ಸುರಿಯುವಳು. ಅಮೋಘಿ ಬಗ್ಗಿ ನೋಡಿ ‘ಇನ್ನೊಂದ ಕೊಡಾ’ ಎನ್ನುವನು. ಆಮೇಲೆ ಆಕೆ ಅದನ್ನೇ ಮೊಗೆದು ತಿರುಗಿ ಒಳಗೆ ಒಯ್ಯುವಳು. ನೀರು ಹೊರುವುದನ್ನು ತಪ್ಪಿಸುವ ಯಂತ್ರಕ್ಕಾಗಿ ಆ ದಿನಗಳಲ್ಲಿ ಆಕೆ ಹೊತ್ತಷ್ಟು ನೀರನ್ನು ಹಿಂದೆಂದೂ ಹೊತ್ತಿರಲಿಲ್ಲ.

ಕೊನೆಗೊಂದು ಸಂಜೆ ಪಂಪು ಗುಡುಗಿತು, ಪೀಪಾಯಿ ತುಂಬಿತು, ತಾನಾಗಿ ನಿಂತಿತು. ಸಕ್ರವ್ವ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದಳು.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ನಳ ಬಂತು. ಬಾನಿ ತುಂಬಿತು, ಡಬ್ಬಿ ತೇಲಿತು, ಯಂತ್ರ ತುಟಿ ಬಿಚ್ಚಲಿಲ್ಲ. ನೀರು ಚೆಲ್ಲಿ ಹೋಗುವುದನ್ನು ನೋಡಲಾರದೆ ಸಕ್ರವ್ವ ಸೀರೆ ಎತ್ತಿ ಕಟ್ಟಿ ಕುಣಿಗಿಳಿದಳು.

‘ಏನ ಮಾಡಿದಿ?’ ಸಂಜೆ ಬಂದ ಅಮೋಘಿ ಕೇಳಿದ.

‘ಏನೂ ಮಾಡಿಲ್ರಿ.’

‘ಏನೂ ಮಾಡಲಾರದ ಹೆಂಗ ಕೆಡತೈತಿ?’ ಎಂದು ಕೊಡ ಸುರಿಸಿದ. ಪಂಪು ಓಡಿತು. ‘ನೋಡು. ನನ್ನ ಮುಂದ ಓಡತೈತಿ. ನಿನ್ನ ಮುಂದ ಯಾಕ ಓಡಂಗಿಲ್ಲ?’

ಮುಂದಿನ ಸಲವೂ ಅದೇ ಆಯಿತು. ಅಮೋಘಿ ಗಡ್ಡ ಕೆರೆದುಕೊಂಡು ವಿಚಾರ ಮಾಡಿ ಕಾರಣ ಕಂಡುಹಿಡಿದ. ಕರೆಂಟು ಸೂಕ್ಷ್ಮ ವಸ್ತು. ಗಾಜಿನ ಬಳೆಯ ಸಪ್ಪಳ, ಒದ್ದೆ ಸೆರಗಿನ ಗಾಳಿ ಅದಕ್ಕೆ ಆಗುವುದಿಲ್ಲ.

ಆಶಾಬಿ ಇದನ್ನು ಕೇಳಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದಳು. ‘ಹೆಂಡತಿ ಒಬ್ಬಾಕೀನ ಇದ್ದಾಗ ಕೈ ಎತ್ತಂಗಿಲ್ಲ, ಮಂದಿ ಮುಂದ ಮಾತ್ರ ದುಡೀತೈತಿ. ನಿನ್ನ ಗುಣಾನ ಬಂದೈತಲ್ಲೋ ಅದಕ.’

ಸಕ್ರವ್ವ ನಗಲಿಲ್ಲ. ದಿನ ಹತ್ತಿರ ಬರುತ್ತಿತ್ತು. ಮುಂದಿನ ಸಲ ಆಕೆ ಬಳೆಗಳಿಗೆ ಬಟ್ಟೆ ಸುತ್ತಿ, ಬಾಗಿಲು ಮುಂದೆ ಮಾಡಿ, ಒಲೆಯ ಹತ್ತಿರ ಉಸಿರು ಬಿಗಿಹಿಡಿದು ಕುಳಿತಳು. ಹೊರಗೆ ನಳ ಕೆಮ್ಮಿತು, ಆಮೇಲೆ ಸಣ್ಣ ದನಿಯಲ್ಲಿ ಹಾಡಿಕೊಂಡಿತು. ಪಂಪಿನ ಸದ್ದು ಮಾತ್ರ ಇಲ್ಲ. ತನ್ನ ಕೈಗುಣವೇ ಕೆಟ್ಟದ್ದಿರಬಹುದೇ ಎಂದು ಆಕೆಗೆ ಮೊದಲ ಸಲ ಅನಿಸಿತು. ಆ ಕೈಯಿಂದ ಬಸುರಿಗೆ ಬಳೆ ತೊಡಿಸುವುದು ಹೇಗೆ ಎಂದುಕೊಳ್ಳುತ್ತಲೇ ಕೊಡ ಹಿಡಿದು ಕುಣಿಗಿಳಿದಳು.

ಕುಬಸದ ಹಿಂದಿನ ದಿನ ಅಮೋಘಿ ಟಿಕೋಟದ ಮದುವೆ ಮುಗಿಸಿ ಇಳಿಹೊತ್ತಿಗೆ ಬಂದ. ಮೈತುಂಬ ಧೂಳು, ಭಂಡಾರದ ಅರಿಶಿನ. ಅಂಗಿಯನ್ನು ಹೊಸ್ತಿಲಲ್ಲೇ ಬಿಚ್ಚಿ ಬಕೀಟಿಗೆ ಎಸೆದು, ಓಣಿಯವರನ್ನು ಕರೆದ. ಎಲ್ಲರ ಮುಂದೆ ಯಂತ್ರ ಓಡಿಸಿ, ತಪ್ಪು ಯಾರದೆಂದು ಒಮ್ಮೆ ತೋರಿಸಿಬಿಡುವ ಮನಸ್ಸಿತ್ತು. ಕೊಡ ಸುರಿಯಿತು, ಡಬ್ಬಿ ತೇಲಿತು. ಯಂತ್ರ ಓಡಲಿಲ್ಲ.

‘ಬಳಿ ಯಾರ ಸಪ್ಪಳಾ ಮಾಡಿದವರು?’ ಎಂದ ಅಮೋಘಿ. ಯಾರೂ ಮಾಡಿರಲಿಲ್ಲ. ಅವನು ಕುಣಿಗೆ ಹಾರಿ ಪಂಪು ಬಿಚ್ಚಿದ, ಸ್ವಿಚ್ಚು ಬಿಚ್ಚಿದ. ತಿರುಪುಗಳ ಗುಡ್ಡೆ ಬೆಳೆಯಿತು.

ಸಕ್ರವ್ವ ಅತ್ತ ನೋಡದೆ ಅಂಗಿ ಒಗೆಯಲು ಕುಳಿತಳು. ಕಲ್ಲಿಗೆ ಬಡಿದಾಗ ಟಣ್ ಎಂದಿತು. ಕಿಸೆಗೆ ಕೈ ಹಾಕಿದಳು. ಬಿಳಿ ಪಿಂಗಾಣಿಯ ಫ್ಯೂಜು.

ಕಂಬ ಏರುವ ವಾಯರಮನ್ ಮೊದಲು ಫ್ಯೂಜು ಕಿತ್ತು ಕಿಸೆಗೆ ಹಾಕುತ್ತಾನೆ. ಕೆಳಗಿನವರು ಕರೆಂಟು ಬಿಟ್ಟು ತನ್ನನ್ನು ಸುಡಬಾರದಲ್ಲ. ಅಮೋಘಿಯ ಕೈಗೆ ಆ ಚಟ ಉಗುರಿನಂತೆ ಅಂಟಿತ್ತು. ಮುಂಜಾನೆ ಹೊಸ್ತಿಲು ದಾಟುವ ಮುಂದೆ ಕೈ ತಾನೇ ಫ್ಯೂಜು ಕೀಳುತ್ತಿತ್ತು, ಸಂಜೆ ಬಂದೊಡನೆ ತಾನೇ ಸಿಕ್ಕಿಸುತ್ತಿತ್ತು. ತಲೆಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಇಂದು ಅಂಗಿ ಬಕೀಟು ಸೇರಿದ್ದರಿಂದ ಕೈಗೂ ನೆನಪಾಗಲಿಲ್ಲ.

ಸಕ್ರವ್ವ ಕುಣಿಯ ದಂಡೆಗೆ ಬಂದು ಅಂಗೈ ಚಾಚಿದಳು. ‘ಇದು ನಿಮ್ಮ ಕಿಸೇದಾಗಿತ್ತು.’

ಅಮೋಘಿ ಅದನ್ನು ಇಸಿದುಕೊಂಡು ನೀರು ಒರೆಸಿದ. ‘ಹುಷಾರಿರಲಿ ಅಂತ ಇಟ್ಟಿದ್ದೆ,’ ಎಂದ.

‘ಮಷಿನಿನ ಜೀವಾ ಕಿಸೇದಾಗ ಹಾಕ್ಕೊಂಡ ಟಿಕೋಟಕ್ಕ ಹೋಗಿ, ಇಲ್ಲಿ ಬಳಿ ಮ್ಯಾಲ ತಪ್ಪ ಹಾಕ್ಯಾನ ನೋಡ್ರಿ,’ ಎಂದಳು ಆಶಾಬಿ. ಓಣಿ ನಕ್ಕಿತು.

ಎಲ್ಲವನ್ನೂ ಜೋಡಿಸಿ ಫ್ಯೂಜು ಸಿಕ್ಕಿಸಿದ. ಪಂಪು ಓಡಿತು, ಪೀಪಾಯಿ ತುಂಬಿತು, ನಿಂತಿತು.

‘ಹಂಗಾರ ನಾ ನಾಳೆ ಹೋಗ್ತೀನ್ರಿ,’ ಎಂದಳು ಸಕ್ರವ್ವ.

‘ನಾಳೀಗೇನ?’ ಅಮೋಘಿ ಕೈ ಒರೆಸಿಕೊಂಡ. ‘ಹೊಸಾ ಮಷಿನು. ಮೊದಲ ಸಲಾ ಓಡೂ ಮುಂದ ಮಗ್ಗಲದಾಗ ಯಾರರೆ ಇರಬೇಕಲ್ಲ.’

‘ತಾನ ನಡೀತೈತಿ ಅಂದಿದ್ರಿ.’

‘ನಡೀತೈತಿ. ತಾನ ನಡಿಯೂದನ್ನ ನೋಡಾಕ ಒಬ್ಬರು ಬೇಕು.’

ಮರುದಿನ ಸಕ್ರವ್ವ ಮುಂಜಾನೆ ಎದ್ದು ರೊಟ್ಟಿ ಬಡಿದಿಟ್ಟಳು, ಹಸಿರು ಸೀರೆ ಉಟ್ಟಳು, ಬಳೆಯ ಗಂಟು ಬಗಲಿಗೆ ಹಾಕಿದಳು. ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕುಳಿತಿದ್ದ ಅಮೋಘಿ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಕೇಳಿದ, ‘ಏ, ನೀರ ಬಂದ್ರ?’

‘ಬಂದ್ರ ತುಂಬ್ರಿ,’ ಎಂದು ಆಕೆ ಬಸ್ ನಿಲ್ದಾಣದ ಕಡೆ ನಡೆದಳು.

ಕುಬಸದ ಮರುದಿನ ಬಬಲೇಶ್ವರದ ಸಂತೆ. ಆಶಾಬಿಯ ಗಂಡ ಮಲ್ಲಿಕಸಾಬ ಆಡು ಕೊಳ್ಳಲು ಬಂದವನು ಮನೆ ಹುಡುಕಿಕೊಂಡು ಬಂದ.

‘ನಿನ್ನೆ ನೀರ ಬಂತವ್ವಾ. ಆ ಹೊತ್ತಿಗೇ ಕರೆಂಟ ಹೋತು. ನಿನ್ನ ಗಂಡ ಕುಣ್ಯಾಗ ಇಳದಿದ್ದ.’

‘ತುಂಬಿದ್ರೇನು?’

‘ತುಂಬಿದ, ತುಂಬಿದ. ಯಾರರೆ ಬಂದ್ರ ಒಳಗ ಕುಂದರತಿದ್ದ, ದಾಟಿ ಹೋದ್ರ ಎದ್ದ ಕೊಡಾ ಎತ್ತತಿದ್ದ. ಓಣಿ ಎಲ್ಲಾ ಬೇಕಂತನ ಅಡ್ಡಾಡಿತು.’

ರಾಚವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಕ್ರವ್ವ ಆಕೆಯ ಕೈ ಹಿಡಿದು, ಅಲುಗಬೇಡವೆಂದು ಸನ್ನೆ ಮಾಡಿದಳು. ಆಮೇಲೆ ಮಲ್ಲಿಕಸಾಬನಿಗೆ ಚಹಾ ಕೊಟ್ಟು ಹೇಳಿದಳು:

‘ನೀರಿಂದೇನ ಕಾಳಜಿ ಇಲ್ಲಂತಾತಲ್ರಿ. ನಾ ಅಮಾಸಿ ಮುಗಿಸಿ ಬರ್ತೀನಿ ಅಂತ ಹೇಳ್ರಿ.’