ಪ್ರಿಂಟಿಗೆ ಬಾರದ ಟಿಪ್ಪಣಿಗಳು

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ದಪ್ಪಗಾಗಿ ಒಂದು ಕಡೆಗೆ ವಾಲಿಕೊಂಡಿತ್ತು. ಅದರಿಂದಲೇ ಕಂಪ್ಯೂಟರ್ ಪರದೆ ಕುಟ್ಟಿ ‘ಇಲ್ಲಿ ತಪ್ಪು’ ಅನ್ನುತ್ತಿದ್ದರು. ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೂ ತಪ್ಪು ಹುಡುಕುವ ಚಟ ಬಿಟ್ಟಿರಲಿಲ್ಲ.

ಲಕ್ಕೂರು ಕಡೆಯ ಬಸ್ಸಿಳಿದು ಮಾಲೂರಿನ ನನ್ನ ಜೆರಾಕ್ಸ್ ಅಂಗಡಿಗೆ ಬರುತ್ತಿದ್ದರು. ಪಿಡಿಎಫ್ ಓದಿ ಅದರ ಮೇಲೆ ಟಿಪ್ಪಣಿ ಬರೆಯುವ ಒಂದು ಉಚಿತ ತಂತ್ರಾಂಶ ತೋರಿಸಿಕೊಟ್ಟೆ ನೋಡಿ, ಅವತ್ತಿನಿಂದ ನನ್ನ ಕುರ್ಚಿ ಅವರದಾಯಿತು. ಯಾರದೋ ಲಗ್ನಪತ್ರಿಕೆ ಸಿಕ್ಕರೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಹಳದಿ ಚೀಟಿ ಅಂಟಿಸಿ, ‘ಆ ತಾರೀಕು ಶುಕ್ರವಾರವಲ್ಲ, ಶನಿವಾರ’ ಎಂದು ಬರೆಯುತ್ತಿದ್ದರು.

ಅವರ ಊರಿನ ಪಕ್ಕ ಗೋದಾಮು ಕಟ್ಟಲು ಜಾಗ ಗುರುತಿಸಿದ ನಕ್ಷೆ ಪಿಡಿಎಫ್ ಆಗಿ ಬಂತು. ಆಕ್ಷೇಪಣೆ ಇದ್ದರೆ ಇಮೇಲ್ ಮಾಡಿ ಅಂದರು ಸರ್ಕಾರಿ ಕಚೇರಿಯವರು. ಕೆರೆಗೆ ನೀರು ತರುವ ಕಾಲುವೆಯೇ ಅದರಲ್ಲಿ ಮಾಯವಾಗಿತ್ತು. ಊರವರು ಕೆಲಸವನ್ನು ಮೇಷ್ಟ್ರಿಗೆ ಒಪ್ಪಿಸಿದರು. ಅವರು ಮೂರು ದಿನ ಕೂತು, ಹಳೆಯ ನಕ್ಷೆ ಪಕ್ಕಕ್ಕಿಟ್ಟುಕೊಂಡು, ಕಾಲುವೆಯ ಒಂದೊಂದು ತಿರುವನ್ನೂ ಕೆಂಪು ಗೆರೆಯಲ್ಲಿ ಎಳೆದು ಸರ್ವೆ ನಂಬರ್ ಬರೆದರು.

“ಇದೆಲ್ಲಾ ಅವ್ರಿಗೂ ಹಿಂಗೇ ಕಾಣ್ಸುತ್ತೇನೋ?” ಎಂದು ಕೇಳಿದರು.

ನಾನು ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದೆ. ತಲೆ ಕೂಡ ಎತ್ತದೆ, “ಕಾಣ್ಸುತ್ತೆ ಸಾರ್, ಕಳ್ಸಿ” ಅಂದೆ. ಪ್ರಿಂಟ್ ತೆಗೆಯುವಾಗ ಟಿಪ್ಪಣಿಗಳೂ ಬೇಕು ಅಂತ ಆರಿಸದಿದ್ದರೆ ಬರೀ ಮೂಲ ನಕ್ಷೆಯೇ ಬರುತ್ತದೆ. ದಿನಾ ಅದೇ ಕೆಲಸ ಮಾಡುವ ನನಗೆ ಅದು ಚೆನ್ನಾಗಿ ಗೊತ್ತಿತ್ತು.

ವಿಚಾರಣೆಯ ದಿನ ಅಧಿಕಾರಿ ಊರವರೆದುರು ಪ್ರಿಂಟ್ ಎತ್ತಿ ತೋರಿಸಿದರಂತೆ. ಒಂದು ಗೆರೆಯಿಲ್ಲ. ಕಂಪ್ಯೂಟರಿನಲ್ಲಿ ತೆಗೆದು ನೋಡಿ ಎಂದು ಮೇಷ್ಟ್ರು ಗೋಗರೆದರೂ ಕೇಳದೆ, ಆಕ್ಷೇಪಣೆ ಇಲ್ಲವೆಂದು ಬರೆದುಕೊಂಡರು. ಕಾಲುವೆ ಮುಚ್ಚಿಹೋಯಿತು. ಮೇಷ್ಟ್ರು ಕಾಸು ತಿಂದು ಖಾಲಿ ನಕ್ಷೆ ಕಳಿಸಿದ್ದಾರೆ ಎಂದು ಊರೆಲ್ಲಾ ಆಡಿಕೊಂಡಿತು.

ತಪ್ಪು ನನ್ನದು, ಬಂದು ಊರವರಿಗೆ ಹೇಳುತ್ತೇನೆ ಎಂದು ಮೇಷ್ಟ್ರಿಗೆ ಅಂದೆ, ಬಾಯಿಮಾತಿಗೆ.

“ಪೋನೀಲೇರಾ” ಎಂದರು, ತೆಲುಗಿನಲ್ಲಿ, ಬಿಟ್ಟುಹಾಕು ಅನ್ನುವ ಹಾಗೆ. “ನಮ್ಮೂರವ್ರೆಲ್ಲಾ ಜೆರಾಕ್ಸ್‌ಗೆ ನಿನ್ ಹತ್ರಾನೇ ಬರೋದು ಕಣೋ. ನಿನ್ ಅಂಗ್ಡಿ ನಡೀಬೇಕು.”

ನಾನು ಬಿಟ್ಟೇಬಿಟ್ಟೆ, ಮಾನಗೆಟ್ಟವನು. ಅವರೂ ಸಾಯುವ ತನಕ ಎಲ್ಲೂ ನನ್ನ ಹೆಸರೆತ್ತಲಿಲ್ಲ.

ಅವರ ಹೆಣ ಎತ್ತುವಾಗ ಊರಿನ ಗಂಡಸರು ಜಗಲಿ ಬಿಟ್ಟು ಏಳಲಿಲ್ಲ. ಹೆಗಲು ಕೊಡಲು ಮೂವರಿದ್ದರು, ನಾಲ್ಕನೆಯವನು ನಾನಾದೆ. ಕಾಸು ತಿಂದ ಮೇಷ್ಟ್ರಿಗೂ ಎಂಥಾ ಒಳ್ಳೆಯ ಶಿಷ್ಯ ನೋಡಿ ಎಂದು ಯಾರೋ ನನ್ನನ್ನು ಹೊಗಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.