ನನ್ನ ಬಾಯಿಗೆ ಮೈಕ್ ಇಟ್ಟ ಅಕ್ಕಾರು

ಅಕ್ಕಾರ ಎಡಗಿವಿ ಸದಾ ಬರಿದು. ಬಲಗಿವಿಯಲ್ಲಿ ಬೆಂಡೋಲೆ, ಎಡಗಿವಿಯದು ಕಂಪ್ಯೂಟರಿನ ಪಕ್ಕದ ಸ್ಟೀಲ್ ಬಟ್ಟಲಲ್ಲಿ. ಹೆಡ್‌ಫೋನನ್ನು ಆ ಒಂದೇ ಕಿವಿಗೆ ಒತ್ತಿ ಕೇಳುವ ಅಭ್ಯಾಸ ಅವರಿಗೆ, ಓಲೆ ಚುಚ್ಚುತ್ತದೆಂದು ಬಿಚ್ಚಿಡುತ್ತಿದ್ದರು. ಹಾಗೆಯೇ ಮದುವೆಗೆ ಹೋಗಿ ಅರ್ಧ ಶೃಂಗಾರದಲ್ಲಿ ಅಕ್ಷತೆ ಹಾಕಿ ಬಂದದ್ದೂ ಉಂಟು.

ಹಳೇ ಹುಬ್ಬಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ ಅವರ ರೆಕಾರ್ಡಿಂಗ್ ಸ್ಟುಡಿಯೋ. ಗಿರಣಿ ನಿಂತಿರುವ ಹೊತ್ತಿನಲ್ಲಿ, ಅಂದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಅಲ್ಲಿ ಡ್ರಮ್ಸ್ ರೆಕಾರ್ಡಿಂಗ್. ಒಮ್ಮೆ ನಾನು ಅಕ್ಕಾರ ಧ್ವನಿಯಲ್ಲಿ, ಇವತ್ತು ಐದರ ತನಕ ಬಂದ್ ಇಡಿ ಎಂದು ಮೆಟ್ಟಿಲಿನಿಂದ ಕೂಗಿದೆ. ಗಿರಣಿಯವರು ಇಟ್ಟೇಬಿಟ್ಟರು. ಪಕ್ಕದ ಸುಳ್ಳ ಗ್ರಾಮದಿಂದ ಜೋಳ ತಂದವರು ಚೀಲದ ಮೇಲೆ ಕುಳಿತು ಕಾದರು. ಅಕ್ಕಾರು ನನ್ನನ್ನು ಕೆಳಗೆ ಕಳಿಸಿ, ಸ್ವಂತ ಧ್ವನಿಯಲ್ಲಿ ತಪ್ಪೊಪ್ಪಿಕೋ ಎಂದರು. ಆ ಧ್ವನಿ ಯಾವುದೆಂದು ಹುಡುಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ಆರ್ಕೆಸ್ಟ್ರಾದ ಮಿಮಿಕ್ರಿಯವ. ಡ್ರಮ್ಮರ್ ಬಾರದ ಒಂದು ದಿನ ಅವನ ಸ್ಟೂಲಿನ ಮೇಲೆ ಕುಳಿತವನು ಆಮೇಲೆ ಏಳಲಿಲ್ಲ. ನಮ್ಮ ತಂಡದ ಗಾಯಕರೊಬ್ಬರು ತಮ್ಮದೇ ಒಂದು ಹಾಡು ಮಾಡಿಸಲು ಹೊರಟಾಗ ಡ್ರಮ್ಸ್ ನನ್ನ ಪಾಲಿಗೆ ಬಂತು. ಅದು ನನ್ನ ಮೊದಲ ರೆಕಾರ್ಡಿಂಗ್. ನಾಲ್ಕರೊಳಗೆ ಸರಿಬರದಿದ್ದರೆ ಕಂಪ್ಯೂಟರಿನ ತಾಳ ಹಾಕಿಸುತ್ತೇನೆ, ಈ ಹುಡುಗ ಬೇಡ ಎಂದು ಅವರು ಅಕ್ಕಾರಿಗೆ ನನ್ನೆದುರೇ ಹೇಳಿದ್ದರು.

ನಾಲ್ಕು ಸಲ ಬಾರಿಸಿದೆ. ಕಾಲು ಸರಿ, ಬಲಗೈ ಸರಿ. ಎಡಗೈ ಮಾತ್ರ, ಠಪ್ಪೆನ್ನಬೇಕಾದ ಸ್ನೇರ್ ಡ್ರಮ್ಮಿನ ಮೇಲೆ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಬೀಳುತ್ತಿತ್ತು. ಅಕ್ಕಾರು ಒಂದು ಉಪಾಯ ಮಾಡಿದರು. ಮೊದಲೇ ಹಿಡಿದಿಟ್ಟ ಒಳ್ಳೆಯ ಹೊಡೆತದ ಸದ್ದುಗಳು, ಅವರ ಭಾಷೆಯಲ್ಲಿ ಸ್ಯಾಂಪಲ್‌ಗಳು, ಅವರ ಬಳಿ ಇದ್ದವು. ನನ್ನ ಹೊಡೆತ ಬಿದ್ದಲ್ಲೆಲ್ಲ ಅದನ್ನು ತೆಗೆದು ಸ್ಯಾಂಪಲ್ ಕೂರಿಸುವುದು. ಎಲ್ಲಿ ಬಿತ್ತೆಂದು ಕಂಪ್ಯೂಟರೇ ಹುಡುಕುತ್ತದೆ. ನನ್ನ ಹೊಡೆತ ಅಷ್ಟು ಮೆಲ್ಲಗಿದ್ದುದರಿಂದ, ಸಣ್ಣ ಸಪ್ಪಳವನ್ನೂ ಬಿಡಬೇಡ ಎಂದು ಅದಕ್ಕೆ ಹೇಳಬೇಕಾಯಿತು.

ಹಾಕಿ ಕೇಳಿದರೆ ಪ್ರತಿ ಹೊಡೆತಕ್ಕೂ ಮುಂಚೆ ಇನ್ನೊಂದು ಹೊಡೆತ.

"ಕುಂಟ ಎತ್ತಿನ ಚಕ್ಕಡಿ ಬಂದಂಗ ಆತಲ್ರಿ," ಎಂದರು ಗಾಯಕರು.

ಅಕ್ಕಾರು ಕಿವಿಗೆ ಒತ್ತಿ ಮತ್ತೆ ಕೇಳಿದರು. ತಪ್ಪು ಕಂಪ್ಯೂಟರಿನದಲ್ಲ. ಬಾರಿಸುವಾಗ ನಾನು ಬಾಯಲ್ಲೂ "ಠಪ್, ಠಪ್" ಎನ್ನುತ್ತಿದ್ದೆ. ಸ್ನೇರಿನ ಮೈಕು ಅದನ್ನೂ ಹಿಡಿದಿತ್ತು. ಕಂಪ್ಯೂಟರು ಅದಕ್ಕೂ ಧಾರಾಳವಾಗಿ ಒಂದೊಂದು ಡ್ರಮ್ಮು ದಯಪಾಲಿಸಿತ್ತು. ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ ಎಂದೆ.

"ಬ್ಯಾಡ ತಮ್ಮಾ. ನಿನ್ನ ಬಾಯಿ ಹೊತ್ತಿಗೆ ಸರಿಯಾಗಿ ಬರಾಕತ್ತೈತಿ. ಕೈ ಅಷ್ಟ ಹಿಂದಿಂದ ಓಡಿ ಬರತೈತಿ," ಎಂದರು ಅಕ್ಕಾರು.

ಆಗ ಮೂರೂವರೆ. ಬೇರೊಂದು ಮೈಕ್ ತಂದು ನನ್ನ ತುಟಿಗೆ ಹತ್ತಿರ ನಿಲ್ಲಿಸಿದರು. ಎಡಗೈ ತೊಡೆಯ ಮೇಲಿರಲಿ, ಸ್ನೇರನ್ನು ಬಾಯಲ್ಲೇ ಹೇಳು ಎಂದರು. ನನ್ನ ಎಡಗೈ ಮಾವನ ಮನೆಗೆ ಬಂದ ಅಳಿಯನಂತೆ ಕೆಲಸವಿಲ್ಲದೆ ಕುಳಿತಿತ್ತು. ಹಾಡು ಮುಗಿದ ಮೇಲೆ ಅಕ್ಕಾರು ನನ್ನ ಪ್ರತಿ "ಠಪ್" ತೆಗೆದು ಆ ಜಾಗದಲ್ಲಿ ಸ್ಯಾಂಪಲ್ ಕೂರಿಸಿದರು.

ಗಾಯಕರು ಎರಡು ಸಲ ಕೇಳಿದರು. ಹಾಡು ಎದ್ದು ನಡೆಯುತ್ತಿತ್ತು. ಆದರೆ ಇದನ್ನು ಇವನು ಬಾರಿಸಿದ್ದೆಂದು ಹೇಗೆ ಹೇಳುವುದು ಎಂದು ಅವರಿಗೆ ಅನುಮಾನ. ನನಗೂ ಇತ್ತು.

"ಲಯ ಅಂವಂದು. ಸಪ್ಪಳ ಅಷ್ಟ ನಾ ಕೊಟ್ಟೇನಿ," ಎಂದರು ಅಕ್ಕಾರು. "ಡ್ರಮ್ಸಿಗೆ ಅಂವನ ಹೆಸರ ಹಾಕ್ರಿ."

ಹೆಸರು ಬಿತ್ತು. ನಾನು ಉಬ್ಬಿ ಮೆಟ್ಟಿಲಿಳಿಯುವಾಗ ಅವರು ಬಾಗಿಲಿಗೆ ಬಂದು ಹೇಳಿದ್ದು ಒಂದೇ ಮಾತು. "ಬಾಯಿ ಎಲ್ಲೈತಿ, ಅಲ್ಲಿಗೆ ಕೈ ತಗೊಂಡ ಬಾ."

ಆಮೇಲೆ ಎಂಟು ತಿಂಗಳು, ರೆಕಾರ್ಡಿಂಗ್ ಇಲ್ಲದ ಮಧ್ಯಾಹ್ನಗಳಲ್ಲೆಲ್ಲ ಅಲ್ಲಿಗೆ ಹೋಗಿ ಕುಳಿತೆ. ಅಕ್ಕಾರು ರೊಟ್ಟಿ ತಿನ್ನುತ್ತ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳದ ಲೆಕ್ಕ ಹಾಕುವರು, ನಾನು ಎಡಗೈಯಲ್ಲಿ ಮಾತ್ರ ಬಾರಿಸುವುದು. ಹೊಗಳಿಕೆ ಇಲ್ಲ. ತಪ್ಪಿದರೆ ರೊಟ್ಟಿ ಅಗಿಯುವುದನ್ನು ನಿಲ್ಲಿಸುವರು. ಎಷ್ಟೋ ದಿನ ಅವರು ಸರಿಯಾಗಿ ಊಟ ಮಾಡಲೇ ಇಲ್ಲ.

ಗಾಯಕರ ಎರಡನೆಯ ಹಾಡಿಗೆ ಒಂದೇ ಸಲ ಬಾರಿಸಿದೆ. ಅಕ್ಕಾರು ಮೊದಲಿಂದ ಕೊನೆತನಕ ಕೇಳಿದರು. ಸ್ಯಾಂಪಲ್‌ಗಳ ಪಟ್ಟಿ ತೆರೆಯುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಫೋನ್ ತೆಗೆದು ಗಾಯಕರಿಗೆ ಹಚ್ಚಿದರು.

"ಡ್ರಮ್ಸ್ ಮುಗೀತ್ರಿ. ಏನೂ ಕೂಡ್ಸಿಲ್ಲ. ಹೆಂಗ ಬಾರಿಸ್ಯಾನ, ಹಂಗ ಇಟ್ಟೇನಿ."

ಇವತ್ತು ಧಾರವಾಡದಲ್ಲೂ ನಾಲ್ಕು ಜನ ನನ್ನನ್ನು ಡ್ರಮ್ಮರ್ ಎನ್ನುತ್ತಾರೆ. ಹಾಗೆ ಮೊದಲು ಒಪ್ಪಿದ್ದು ಆ ಫೋನು. ಅಂದು ಅಕ್ಕಾರು ಮಾತು ಮುಗಿಸುವಷ್ಟರಲ್ಲಿ ಎಡಗೈಯನ್ನು ಪ್ಯಾಂಟಿನ ಕಿಸೆಗೆ ತುರುಕಿಕೊಂಡೆ. ಅದು ಒಳಗೂ ತೊಡೆಯ ಮೇಲೆ ತಾಳ ಬಾರಿಸುತ್ತಿತ್ತು.